ಒಂದು ಟಿಎಂಸಿಯ ಹನ್ನೊಂದು ಅಂಕಿಗಳು

ಮುಂಗಾರು ಹಿಡಿಯಿತೆಂದರೆ ಬಾಗಲಕೋಟೆ ಜಿಲ್ಲೆಯ ಊರೂರಿನಲ್ಲಿ ಬೆಳಗಿನ ಮೊದಲ ವಿಚಾರಣೆ ಆಲಮಟ್ಟಿಯದು. ಇವತ್ತು ಎಷ್ಟು ಟಿಎಂಸಿ, ಒಳಹರಿವು ಎಷ್ಟು ಕ್ಯೂಸೆಕ್, ನಾರಾಯಣಪುರಕ್ಕೆ ಎಷ್ಟು ಬಿಟ್ಟರು ಎಂಬ ಲೆಕ್ಕ ಚಹಾದಂಗಡಿಯಿಂದ ಎಪಿಎಂಸಿ ಅಂಗಳದವರೆಗೆ ಓಡಾಡುತ್ತದೆ. 123 ಟಿಎಂಸಿ ಎಂದರೆ ಜಲಾಶಯ ತುಂಬಿತು ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಆದರೆ ಹುನಗುಂದ ತಾಲೂಕಿನ ರಾಮಥಾಳದ ಸುತ್ತಮುತ್ತ ಇದೇ ನೀರಿಗೆ ಇನ್ನೊಂದು ಅಳತೆಯೂ ಇದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ 24,000 ಹೆಕ್ಟೇರ್ ಹೊಲಕ್ಕೆ ಹನಿ ನೀರಾವರಿ ಕೊಡಲೆಂದು ಕೃಷ್ಣಾ ಭಾಗ್ಯ ಜಲ ನಿಗಮ ರೂಪಿಸಿದ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆಯಲ್ಲಿ ನೀರು ಕೊನೆಗೆ ಮುಟ್ಟುವುದು ಡ್ರಿಪ್ಪರಿನ ಬಾಯಿಗೆ. ಅಲ್ಲಿ ಟಿಎಂಸಿ ನಡೆಯುವುದಿಲ್ಲ. ಗಂಟೆಗೆ ಇಷ್ಟು ಲೀಟರ್ ಎಂಬುದೇ ಲೆಕ್ಕ. ಜಲಾಶಯದ ಅಳತೆಯನ್ನು ಹೊಲದ ಅಳತೆಗೆ ತರಬೇಕಾದರೆ ನಡುವೆ ಒಂದೇ ಒಂದು ಸಂಖ್ಯೆಯನ್ನು ದಾಟಬೇಕು. ಒಂದು ಟಿಎಂಸಿ ಎಂದರೆ 28,31,68,46,592 ಲೀಟರ್. ಬಾಯಲ್ಲಿ ಹೇಳುವುದಾದರೆ ಎರಡು ಸಾವಿರದ ಎಂಟುನೂರ ಮೂವತ್ತೊಂದು ಕೋಟಿ, ಅರವತ್ತೆಂಟು ಲಕ್ಷದ ನಲವತ್ತಾರು ಸಾವಿರದ ಐನೂರ ತೊಂಬತ್ತೆರಡು.

ಸಾಮಾನ್ಯವಾಗಿ ಇದನ್ನು ‘ಸುಮಾರು 2,832 ಕೋಟಿ ಲೀಟರ್’ ಎಂದು ಹೇಳಿ ಮುಂದೆ ಹೋಗುತ್ತೇವೆ. ವ್ಯವಹಾರಕ್ಕೆ ಅಷ್ಟು ಸಾಕು. ಆದರೆ ಹನ್ನೊಂದು ಅಂಕಿಗಳ ಈ ಸಂಖ್ಯೆಯನ್ನು ಬಿಡಿಸಿ ನೋಡಿದರೆ ಒಂದು ಮುಖ್ಯ ವಿಷಯ ಕಾಣುತ್ತದೆ. ಇದು ಯಾರೋ ಅಳೆದು ಕಂಡುಕೊಂಡ ಸಂಖ್ಯೆಯಲ್ಲ, ಒಪ್ಪಂದದಿಂದ ಹುಟ್ಟಿದ್ದು. ಆದ್ದರಿಂದಲೇ ಕೊನೆಯ ಅಂಕಿಯವರೆಗೂ ನಿಖರ. ಜಲಾಶಯದ ಸಂಗ್ರಹ, ಹೊಳೆಯ ಹರಿವು, ಹೂಳಿನ ಪ್ರಮಾಣ ಇವೆಲ್ಲ ಅಳತೆಯಿಂದ ಬಂದ ಸಂಖ್ಯೆಗಳು. ಅವುಗಳಲ್ಲಿ ನಂಬಬಹುದಾದ ಅಂಕಿಗಳು ಕೆಲವೇ. ನೀರಿನ ಸುದ್ದಿಯಲ್ಲಿ ಈ ಎರಡೂ ಜಾತಿಯ ಸಂಖ್ಯೆಗಳು ಒಂದೇ ಸಾಲಿನಲ್ಲಿ ಕೂತಿರುತ್ತವೆ, ನಾವು ಎರಡನ್ನೂ ಒಂದೇ ರೀತಿ ಓದುತ್ತೇವೆ. ಸಂಖ್ಯೆಯ ಒಳರಚನೆ ತಿಳಿದವರು ಹಾಗೆ ಓದುವುದಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಸಂಖ್ಯೆ ಹುಟ್ಟುವ ಬಗೆ ನೋಡೋಣ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ನೂರು ಕೋಟಿ ಎಂದರೆ ಸಾವಿರವನ್ನು ಸಾವಿರದಿಂದ, ಮತ್ತೆ ಸಾವಿರದಿಂದ ಗುಣಿಸಿದ್ದು. ಹಾಗಾಗಿ ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಒಂದು ತೊಟ್ಟಿ ಇದ್ದರೆ ಅದರಲ್ಲಿ ಸರಿಯಾಗಿ ಒಂದು ಟಿಎಂಸಿ ನೀರು ಹಿಡಿಯುತ್ತದೆ. ಇನ್ನು ಮಕ್ಕಳ ಶಾಲಾ ಚೀಲದ ಉದ್ದನೆಯ ಸ್ಕೇಲನ್ನು ಕೈಗೆ ತೆಗೆದುಕೊಳ್ಳಿ. ಒಂದು ಅಂಚಿನಲ್ಲಿ 30 ಸೆಂಟಿಮೀಟರ್, ಇನ್ನೊಂದು ಅಂಚಿನಲ್ಲಿ 12 ಇಂಚು. ಎರಡೂ ಗೆರೆಗಳು ಒಂದೇ ಕಡೆ ಮುಗಿಯುವುದಿಲ್ಲ. 12ನೆಯ ಇಂಚಿನ ಗೆರೆ 30 ಸೆಂಟಿಮೀಟರಿನ ಗೆರೆಗಿಂತ ಅರ್ಧ ಸೆಂಟಿಮೀಟರಿಗೂ ತುಸು ಕಡಿಮೆ ದೂರ ಆಚೆಗೆ ಬೀಳುತ್ತದೆ. ಆ ಅಂತರ 0.48 ಸೆಂಟಿಮೀಟರ್. ಒಂದು ಅಡಿ ಎಂದರೆ 30.48 ಸೆಂಟಿಮೀಟರ್, ಸಾವಿರ ಅಡಿ ಎಂದರೆ 30,480 ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು ಒಂದು ಲೀಟರ್. ನಮ್ಮ ತೊಟ್ಟಿಯ ಒಂದೊಂದು ಬದಿಗೂ ಅಂಥ 3,048 ಪೆಟ್ಟಿಗೆಗಳು ಸಾಲಾಗಿ ಕೂರುತ್ತವೆ. 3,048ನ್ನು 3,048ರಿಂದ ಗುಣಿಸಿದರೆ ತಳದ ಒಂದು ಪದರಕ್ಕೆ 92,90,304 ಪೆಟ್ಟಿಗೆ. ಅಂಥ 3,048 ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ 28,31,68,46,592. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂದರೆ ಟಿಎಂಸಿಯನ್ನು ಘನ ಅಡಿಯಲ್ಲಿ ಎಣಿಸಿದರೂ ಪೂರ್ಣ ಘನ, ಲೀಟರಿನಲ್ಲಿ ಎಣಿಸಿದರೂ ಪೂರ್ಣ ಘನ. ಹನ್ನೊಂದು ಅಂಕಿಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. 3048 ಎಂಬ ನಾಲ್ಕು ಅಂಕಿ ನೆನಪಿದ್ದರೆ, ಒಂದು ಕಾಗದದ ಮೇಲೆ ಎರಡು ಗುಣಾಕಾರ ಮಾಡಿ ಯಾರು ಬೇಕಾದರೂ ಅದನ್ನು ಮತ್ತೆ ಹುಟ್ಟಿಸಬಹುದು.

ಇಷ್ಟು ಅಂದವಾಗಿ ಲೆಕ್ಕ ಮುಗಿಯಲು ಪ್ರಕೃತಿ ಕಾರಣವಲ್ಲ. 1959ರವರೆಗೆ ಅಡಿ ಎಂಬುದು ಎಲ್ಲ ದೇಶಗಳಲ್ಲೂ ಒಂದೇ ಆಗಿರಲಿಲ್ಲ. ಅಮೆರಿಕದ ಅಡಿ ಒಂದು ಮೀಟರಿನ 3937ರಲ್ಲಿ 1200 ಪಾಲು, ಅಂದರೆ 30.48 ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಭಾರತದ ಹಳೆಯ ಭೂಮಾಪನದ ಅಡಿ ಕೂದಲೆಳೆಯಷ್ಟು ಕಡಿಮೆ. ಆ ಅಮೆರಿಕದ ಅಡಿಯಿಂದ ಲೆಕ್ಕ ಹಾಕಿದರೆ ಒಂದು ಟಿಎಂಸಿಗೆ 1 ಲಕ್ಷ 70 ಸಾವಿರ ಲೀಟರಿನಷ್ಟು ಹೆಚ್ಚು ಬರುತ್ತದೆ. 1959ರ ಜುಲೈ 1ರಿಂದ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ದೇಶಗಳು ಒಂದು ಗಜವೆಂದರೆ 0.9144 ಮೀಟರ್ ಎಂದು ಒಪ್ಪಿಕೊಂಡವು. ಗಜದ ಮೂರರಲ್ಲಿ ಒಂದು ಪಾಲು 0.3048 ಮೀಟರ್, ಅಡಿ ಅಲ್ಲಿಗೆ ಗಟ್ಟಿಯಾಯಿತು. ಲೀಟರಿನ ಕಥೆ ಇನ್ನೂ ವಿಚಿತ್ರ. 1901ರಲ್ಲಿ ಲೀಟರನ್ನು ಒಂದು ಕಿಲೋಗ್ರಾಂ ಶುದ್ಧ ನೀರು ಹಿಡಿಯುವ ಜಾಗ ಎಂದು ನಿರೂಪಿಸಿದ್ದರು. ಅದು ಹತ್ತು ಸೆಂಟಿಮೀಟರಿನ ಪೆಟ್ಟಿಗೆಗಿಂತ ಹತ್ತು ಲಕ್ಷದಲ್ಲಿ 28 ಪಾಲು ದೊಡ್ಡದು. ಕೇಳಿದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಒಂದು ಟಿಎಂಸಿಯಲ್ಲಿ ಅದು 7 ಲಕ್ಷ 93 ಸಾವಿರ ಲೀಟರಿನ ವ್ಯತ್ಯಾಸ. 1964ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಆ ನಿರೂಪಣೆಯನ್ನು ಕೈಬಿಟ್ಟು, ಲೀಟರ್ ಎಂದರೆ ಆ ಪೆಟ್ಟಿಗೆಯೇ ಎಂದು ಮತ್ತೆ ಗೊತ್ತುಮಾಡಿತು. ಈ ಎರಡು ನಿರ್ಣಯಗಳು ಕೂಡಿದ ಮೇಲೆಯೇ ಟಿಎಂಸಿಯ ಲೀಟರ್ ಲೆಕ್ಕ ಪೂರ್ಣಾಂಕವಾದದ್ದು. ಅದಕ್ಕೆ ಮುಂಚೆ ಕೃಷ್ಣೆಯಲ್ಲಿ ಹರಿದ ನೀರು ಅಷ್ಟೇ ಇತ್ತು, ಸಂಖ್ಯೆ ಮಾತ್ರ ಬಾಲಂಗೋಚಿ ಹೊತ್ತ ದಶಮಾಂಶವಾಗಿತ್ತು.

ಈಗ ಸಂಖ್ಯೆಯನ್ನು ಒಡೆಯೋಣ. 3048 ಎಂದರೆ 24 ಗುಣಿಸು 127. ಇನ್ನೂ ಒಡೆದರೆ ಮೂರು ಸಲ 2, ಒಂದು ಸಲ 3, ಒಂದು ಸಲ 127. ಆದ್ದರಿಂದ ಅದರ ಘನದಲ್ಲಿ 2 ಒಂಬತ್ತು ಸಲ, 3 ಮೂರು ಸಲ, 127 ಮೂರು ಸಲ ಬರುತ್ತವೆ. ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇದರೊಳಗೆ ಇಲ್ಲ. ಇಷ್ಟು ದೊಡ್ಡ ಸಂಖ್ಯೆಗೆ ಬರೀ ಮೂರು ಬಗೆಯ ಇಟ್ಟಿಗೆ. ಇದರಿಂದ ಒಟ್ಟು 160 ಭಾಜಕಗಳು ಸಿಗುತ್ತವೆ. ಇದನ್ನು 8, 12, 24, 27, 64 ಇವೆಲ್ಲ ಶೇಷವಿಲ್ಲದೆ ಭಾಗಿಸುತ್ತವೆ. ಆದರೆ 5ರಿಂದ ಭಾಗವಾಗುವುದಿಲ್ಲ. ಒಂದು ಟಿಎಂಸಿಯನ್ನು ಐದು ಊರಿಗೆ ಸಮ ಹಂಚಿದರೆ 2 ಲೀಟರ್ ಉಳಿಯುತ್ತದೆ. ಏಳು ಊರಿಗೆ ಹಂಚಿದರೆ 6 ಲೀಟರ್. ಇದೇ ನೀರನ್ನು ಘನ ಅಡಿಯಲ್ಲಿ ಎಣಿಸಿದಾಗ ಪರಿಸ್ಥಿತಿ ಬೇರೆ: ನೂರು ಕೋಟಿಯಲ್ಲಿ ಇರುವುದು 2 ಮತ್ತು 5 ಮಾತ್ರ, ಅಲ್ಲಿ ಐದು ಪಾಲು ಸರಿಯಾಗುತ್ತದೆ, ಮೂರು ಪಾಲು ಆಗುವುದಿಲ್ಲ. ಯಾವ ಪಾಲು ಸರಿ ಬರುತ್ತದೆ ಎಂಬುದು ನೀರಿನ ಗುಣವಲ್ಲ, ನಾವು ಹಿಡಿದ ಮಾನದ ಗುಣ.

ಮೂರರಲ್ಲಿ ನಿಜವಾದ ಸ್ವಾರಸ್ಯ 127ರದು. ಅದು ಬಂದದ್ದು ಇಂಚಿನಿಂದ. ಇಂಚು ಎಂದರೆ 25.4 ಮಿಲಿಮೀಟರ್; 254 ಎಂದರೆ 127ರ ಎರಡರಷ್ಟು. ಗಣಿತದಲ್ಲಿ 127ಕ್ಕೆ ತನ್ನದೇ ಮರ್ಯಾದೆ ಇದೆ. ಏಳು ಸಲ 2ನ್ನು ಗುಣಿಸಿ ಒಂದು ಕಳೆದರೆ ಬರುವ ಅವಿಭಾಜ್ಯ ಅದು. 127 ಸಲ 2ನ್ನು ಗುಣಿಸಿ ಒಂದು ಕಳೆದರೆ ಬರುವ 39 ಅಂಕಿಗಳ ಸಂಖ್ಯೆಯೂ ಅವಿಭಾಜ್ಯವೆಂದು ಫ್ರಾನ್ಸಿನ ಲ್ಯೂಕಾ 1876ರಲ್ಲಿ ಯಂತ್ರದ ನೆರವಿಲ್ಲದೆ ತೋರಿಸಿದರು. ಆದರೆ ಸಾಮಾನ್ಯ ಓದುಗರಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಲೇತ್ ಯಂತ್ರದ್ದು. ಇಂಚಿನ ಲೆಕ್ಕದಲ್ಲಿ ಕಟ್ಟಿದ ಹಳೆಯ ಲೇತಿನಲ್ಲಿ ಮಿಲಿಮೀಟರ್ ಲೆಕ್ಕದ ತಿರುಪಿನ ಸುತ್ತುಗಳನ್ನು ಸರಿಯಾಗಿ ಕೊರೆಯಬೇಕಾದರೆ 127 ಹಲ್ಲಿನ ಗೇರ್ ಬೇಕು. 100 ಹಲ್ಲಿನ ಗೇರಿಗೆ ಬದಲಾಗಿ 50 ಹಲ್ಲಿನದು, 25 ಹಲ್ಲಿನದು ಹಾಕಿ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು. 127 ಅವಿಭಾಜ್ಯವಾದ್ದರಿಂದ ಅದಕ್ಕೆ ಚಿಕ್ಕ ಬದಲಿ ಇಲ್ಲ. ಸಣ್ಣ ಗೇರುಗಳನ್ನು ಜೋಡಿಸಿ ಹತ್ತಿರ ಹತ್ತಿರ ಬರಬಹುದೇ ಹೊರತು ಸರಿಯಾದ ಅಳತೆ ಬರುವುದಿಲ್ಲ. ಅವಿಭಾಜ್ಯ ಸಂಖ್ಯೆ ಪುಸ್ತಕದ ಮಾತು, ಬದುಕಿಗೆ ಅದರಿಂದ ಏನಾಗಬೇಕು ಎನ್ನುವವರಿಗೆ ಉಕ್ಕಿನಲ್ಲಿ ಕೊರೆದ ಆ 127 ಹಲ್ಲುಗಳೇ ಉತ್ತರ.

ಈ 127 ನಮ್ಮ ಅಣೆಕಟ್ಟುಗಳ ಮೇಲೂ ಗುರುತು ಬಿಟ್ಟಿದೆ. ಆಲಮಟ್ಟಿಯ ಎತ್ತರದ ಸುದ್ದಿ ಬಂದಾಗಲೆಲ್ಲ 524.256 ಮೀಟರ್ ಎಂಬ ಅಂಕಿ ಕಿವಿಗೆ ಬೀಳುತ್ತದೆ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಎತ್ತರ ಅದು. ಅಷ್ಟು ದೊಡ್ಡ ಅಣೆಕಟ್ಟಿನ ಎತ್ತರವನ್ನು ಮಿಲಿಮೀಟರ್‌ವರೆಗೆ ಹೇಳುವುದೇಕೆ? ದಶಮಾಂಶ ತೆಗೆದು 5,24,256 ಮಿಲಿಮೀಟರ್ ಎಂದು ಬರೆದು 127ರಿಂದ ಭಾಗಿಸಿ ನೋಡಿ. ಸರಿಯಾಗಿ 4,128 ಬರುತ್ತದೆ, ಶೇಷವಿಲ್ಲ. ಅಡಿಗೆ ಪರಿವರ್ತಿಸಿದರೆ ಸರಿಯಾಗಿ 1,720 ಅಡಿ. ನಾರಾಯಣಪುರದ ಪೂರ್ಣ ಮಟ್ಟ 492.252 ಮೀಟರ್. ಅದೂ 127ರಿಂದ ಭಾಗವಾಗುತ್ತದೆ, 3,876 ಬರುತ್ತದೆ, ಅಡಿಯಲ್ಲಿ 1,615. ಇವು ಮಿಲಿಮೀಟರಿನ ನಿಖರತೆಯಿಂದ ಬಂದ ಅಂಕಿಗಳಲ್ಲ. ಮೊದಲು ಅಡಿಯಲ್ಲಿ ಗೊತ್ತುಮಾಡಿ ಆಮೇಲೆ ಮೀಟರಿಗೆ ಬದಲಿಸಿದ ಅಂಕಿಗಳು. ಇದು ಕಾಕತಾಳೀಯ ಇರಬಾರದೇಕೆ ಎಂದು ಕೇಳಬಹುದು, ಕೇಳಲೇಬೇಕು. ಕಣ್ಣು ಮುಚ್ಚಿ ಆರಿಸಿದ ಸಂಖ್ಯೆಯೊಂದು 127ರಿಂದ ಭಾಗವಾಗುವ ಸಂಭವ 127ರಲ್ಲಿ ಒಂದು. ಎರಡೂ ಒಟ್ಟಿಗೆ ಹಾಗಾಗುವ ಸಂಭವ 16,129ರಲ್ಲಿ ಒಂದು. ಅದರ ಮೇಲೆ ಎರಡೂ ಐದರ ಮಗ್ಗಿಯಲ್ಲಿ ಬರುವ ಪೂರ್ತಿ ಅಡಿಗಳು ಎಂಬುದನ್ನು ಸೇರಿಸಿದರೆ ಆಕಸ್ಮಿಕಕ್ಕೆ ಜಾಗ ಉಳಿಯುವುದಿಲ್ಲ. ಹೋಲಿಕೆಗೆ ಆಲಮಟ್ಟಿಯ ಈಗಿನ ಮಟ್ಟ 519.60 ಮೀಟರ್ ನೋಡಿ. 2000ದಲ್ಲಿ ಸುಪ್ರೀಂ ಕೋರ್ಟ್ ಅನುಮತಿಸಿದ ಎತ್ತರ ಅದು. 5,19,600ನ್ನು 127ರಿಂದ ಭಾಗಿಸಿದರೆ 43 ಉಳಿಯುತ್ತದೆ. ಅಡಿಗೆ ಬದಲಿಸಿದರೆ 1,704.72 ಎಂಬ ಅಡ್ಡಾದಿಡ್ಡಿ ಅಂಕಿ. ಅದು ಮೀಟರಿನಲ್ಲೇ ಗೊತ್ತುಮಾಡಿದ ಸಂಖ್ಯೆ ಎಂದು ಕಾಣುತ್ತದೆ. ಕಡತ ತೆರೆಯದೆ, ಯಾರನ್ನೂ ಕೇಳದೆ, ಒಂದು ಭಾಗಾಕಾರದಿಂದ ಇಷ್ಟು ತಿಳಿಯುತ್ತದೆ.

ಕ್ಯೂಸೆಕ್ ಲೆಕ್ಕದಲ್ಲಿ ಈ ಒಳರಚನೆ ಇನ್ನೊಂದು ರೀತಿ ಹೊರಬರುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡ್. ಇಡೀ ದಿನ ಹರಿದು ಒಂದು ಟಿಎಂಸಿ ಆಗಬೇಕಾದರೆ ನೂರು ಕೋಟಿಯನ್ನು 86,400ರಿಂದ ಭಾಗಿಸಬೇಕು. ನೀರಾವರಿ ಇಲಾಖೆಯ ಕಿರಿಯ ಎಂಜಿನಿಯರಿಗೂ ಬಾಯಿಗೆ ಬರುವ ಉತ್ತರ 11,574. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ: 11,574.074074074 ಎಂದು 074 ಕೊನೆಯಿಲ್ಲದೆ ಮರುಕಳಿಸುತ್ತದೆ. ಕಾರಣ, 86,400ರ ಒಳಗೆ ಮೂರು ಸಲ 3 ಇದೆ. ನೂರು ಕೋಟಿಯಲ್ಲಿ ಒಂದೂ 3 ಇಲ್ಲ. ಹೊಡೆದುಹಾಕಲು ಜೋಡಿ ಸಿಗದ ಆ ಮೂರುಗಳು ದಶಮಾಂಶವನ್ನು ಸುತ್ತಿಸುತ್ತಲೇ ಇರುತ್ತವೆ. ಈಗ ಅದೇ ಹರಿವನ್ನು ಲೀಟರಿನಲ್ಲಿ ಲೆಕ್ಕ ಹಾಕಿ. 28,31,68,46,592ರಲ್ಲಿ ಸರಿಯಾಗಿ ಮೂರು ಸಲ 3 ಇದೆ. ಅವು ಪರಸ್ಪರ ವಜಾ ಆಗಿ, ಸೆಕೆಂಡಿಗೆ 3,27,741.28 ಲೀಟರ್ ಎಂದು ಎರಡು ದಶಮಾಂಶ ಸ್ಥಾನಕ್ಕೆ ಲೆಕ್ಕ ನಿಲ್ಲುತ್ತದೆ. ಒಂದೇ ಹೊಳೆ, ಒಂದೇ ದಿನ, ಒಂದೇ ನೀರು. ಒಂದು ಮಾನದಲ್ಲಿ ಮುಗಿಯದ ಲೆಕ್ಕ ಇನ್ನೊಂದರಲ್ಲಿ ಮುಗಿಯುತ್ತದೆ. ಪ್ರವಾಹದ ದಿನಗಳಲ್ಲಿ ಉಪಯೋಗಕ್ಕೆ ಬರುವ ಒಂದು ಸುಲಭ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು: ಒಂದು ಲಕ್ಷ ಕ್ಯೂಸೆಕ್ ಹರಿವು ಇಡೀ ದಿನ ಇದ್ದರೆ ಸರಿಯಾಗಿ 8.64 ಟಿಎಂಸಿ. ಒಳಹರಿವು, ಹೊರಹರಿವುಗಳ ವ್ಯತ್ಯಾಸವನ್ನು ಲಕ್ಷ ಕ್ಯೂಸೆಕ್ ಲೆಕ್ಕದಲ್ಲಿ ಇದರಿಂದ ಗುಣಿಸಿ ಮರುದಿನದ ಸಂಗ್ರಹದಲ್ಲಾದ ಏರಿಳಿತದೊಂದಿಗೆ ಹೋಲಿಸಿದರೆ, ಪ್ರಕಟವಾದ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು.

ಇಷ್ಟು ಹೇಳಿದ ಮೇಲೆ ಬರುವ ದೊಡ್ಡ ಆಕ್ಷೇಪವನ್ನು ಬದಿಗಿಡುವಂತಿಲ್ಲ. ಜಲಾಶಯದ ನೀರನ್ನು ಯಾರೂ ಲೀಟರ್ ಲೀಟರಾಗಿ ಅಳೆದಿಲ್ಲ. ನೀರಿನ ಮಟ್ಟ ನೋಡಿ, ಆ ಮಟ್ಟಕ್ಕೆ ಇಷ್ಟು ಸಂಗ್ರಹ ಎಂಬ ಕೋಷ್ಟಕದಿಂದ ಟಿಎಂಸಿ ತೆಗೆಯುತ್ತಾರೆ. ತಳದಲ್ಲಿ ಹೂಳು ಕೂರುತ್ತದೆ, ಮೇಲೆ ಗಾಳಿಗೆ ಅಲೆ ಏಳುತ್ತದೆ. ಹಾಗಿರುವಾಗ ಹನ್ನೊಂದು ಅಂಕಿಗಳ ನಿಖರತೆ ಯಾರಿಗೆ ಬೇಕು? ಆಕ್ಷೇಪ ಸರಿಯಾಗಿದೆ, ಮತ್ತು ಅದೇ ಈ ವಾದದ ತಿರುಳು. ಆಲಮಟ್ಟಿಯ 123.08 ಟಿಎಂಸಿಯನ್ನು ಲೀಟರಿಗೆ ಗುಣಿಸಿದರೆ ಕ್ಯಾಲ್ಕುಲೇಟರ್ 34,85,23,74,78,543.36 ಎಂದು ತೋರಿಸುತ್ತದೆ. ಕೊನೆಯ 0.36 ಲೀಟರ್ ಎಂದರೆ ಒಂದು ದೊಡ್ಡ ಲೋಟ ನೀರು. ಅಷ್ಟು ದೊಡ್ಡ ಜಲಾಶಯದಲ್ಲಿ ಒಂದು ಲೋಟದ ಲೆಕ್ಕ ಯಾರಿಗೂ ಗೊತ್ತಿಲ್ಲ. 123.08ರಲ್ಲಿ ಇರುವುದು ಐದು ಅಂಕಿ. ಗುಣಿಸಿದ ಉತ್ತರದಲ್ಲೂ ಅರ್ಥವುಳ್ಳವು ಹೆಚ್ಚೆಂದರೆ ಮೊದಲ ಐದು. ಉಳಿದವು ಪರಿವರ್ತನೆಯ ಸಂಖ್ಯೆಯಿಂದ ಸಾಲವಾಗಿ ಬಂದ ಅಂಕಿಗಳು, ನೀರಿನವಲ್ಲ. ಯಾವುದು ಒಪ್ಪಂದದ ಅಂಕಿ, ಯಾವುದು ಅಳತೆಯ ಅಂಕಿ ಎಂದು ಬೇರ್ಪಡಿಸಲು ಬರದವರಿಗೆ ಆ ಹದಿನೈದು ಅಂಕಿಗಳೂ ಸಮಾನ ಸತ್ಯವಾಗಿ ಕಾಣುತ್ತವೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 132 ಟಿಎಂಸಿಗೂ ಹೆಚ್ಚಿತ್ತು. ಹೂಳು ತುಂಬಿ ಈಗ ಇಲಾಖೆ ಹೇಳುವುದು 105.788. ಅಳತೆಯ ಸಂಖ್ಯೆ ಹೀಗೆ ಕಾಲದೊಂದಿಗೆ ಬದಲಾಗುತ್ತದೆ, ಬದಲಾಗಲೇಬೇಕು. 28,31,68,46,592 ಬದಲಾಗುವುದಿಲ್ಲ.

ಹಾಗಾದರೆ ಒರಟು ಲೆಕ್ಕವೇ ಸಾಕಲ್ಲ, ಅಡಿ ಎಂದರೆ 30 ಸೆಂಟಿಮೀಟರ್ ಎಂದುಕೊಂಡರೆ ಏನು ತಪ್ಪು ಎಂದೂ ಕೇಳಬಹುದು. ಸೀರೆ ಅಂಚಿನ ಉದ್ದಕ್ಕೆ ಅದು ನಡೆಯುತ್ತದೆ. ಘನಕ್ಕೆ ನಡೆಯುವುದಿಲ್ಲ. 3,048ರ ಬದಲು 3,000 ಹಿಡಿದರೆ ಉದ್ದದಲ್ಲಿ ಆಗುವ ತಪ್ಪು ನೂರಕ್ಕೆ ಒಂದೂವರೆಯಷ್ಟು. ಅದೇ ತಪ್ಪು ಉದ್ದ, ಅಗಲ, ಎತ್ತರ ಮೂರರಲ್ಲೂ ಸೇರಿ, ಘನದಲ್ಲಿ ನೂರಕ್ಕೆ 4.65 ಆಗುತ್ತದೆ. ಒಂದು ಟಿಎಂಸಿಗೆ 131 ಕೋಟಿಗೂ ಹೆಚ್ಚು ಲೀಟರ್ ಮಾಯ. ಆಲಮಟ್ಟಿಯ ಪೂರ್ಣ ಸಂಗ್ರಹಕ್ಕೆ ಇದನ್ನು ಅನ್ವಯಿಸಿದರೆ 5.7 ಟಿಎಂಸಿ ನೀರು ಕಾಗದದ ಮೇಲೆ ಕಾಣೆಯಾಗುತ್ತದೆ. ಸ್ಕೇಲಿನ ತುದಿಯ ಆ 0.48 ಸೆಂಟಿಮೀಟರನ್ನು ಬಿಟ್ಟದ್ದಕ್ಕೆ ತೆರುವ ಬೆಲೆ ಇದು. ನಿಖರತೆಯನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬ ತಿಳಿವಳಿಕೆ ಸಂಖ್ಯೆಯ ರಚನೆಯನ್ನು ನೋಡದೆ ಬರುವುದಿಲ್ಲ.

ಇನ್ನು ಕೆಲವರು ಟಿಎಂಸಿಯನ್ನೇ ಕೈಬಿಡಬೇಕೆನ್ನುತ್ತಾರೆ. ಭಾರತ 1956ರಲ್ಲೇ ಮೆಟ್ರಿಕ್ ಮಾನಕ್ಕೆ ಕಾನೂನು ಮಾಡಿತು. ಈಗಲೂ ಘನ ಅಡಿ ಹಿಡಿದು ಕೂತಿರುವುದೇಕೆ, ದಶಲಕ್ಷ ಘನ ಮೀಟರಿನಲ್ಲಿ ಹೇಳಿದರೆ 127ರ ಗೋಜೇ ಇರುವುದಿಲ್ಲ ಎಂಬುದು ಅವರ ವಾದ. ಹೊಸದಾಗಿ ಆರಂಭಿಸುವುದಾದರೆ ಹಾಗೆ ಮಾಡುವುದೇ ಸರಿ. ಆದರೆ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 2,060 ಟಿಎಂಸಿಯನ್ನು ಹಂಚಿ ಕರ್ನಾಟಕಕ್ಕೆ 700, ಮಹಾರಾಷ್ಟ್ರಕ್ಕೆ 560, ಆಂಧ್ರಕ್ಕೆ 800 ಎಂದು ಬರೆದದ್ದು ಘನ ಅಡಿಯಲ್ಲಿ. ಆ 700ನ್ನು ಘನ ಮೀಟರಿಗೆ ಬದಲಿಸಿದರೆ 19,821.7926144 ದಶಲಕ್ಷ ಘನ ಮೀಟರ್ ಎಂಬ ಉದ್ದನೆಯ ಅಂಕಿ ಬರುತ್ತದೆ. ಅದನ್ನು ಕತ್ತರಿಸಿ 19,800 ಎಂದು ಬರೆದರೆ ಮುಕ್ಕಾಲು ಟಿಎಂಸಿಗೂ ಹೆಚ್ಚು ನೀರು ಬಿಟ್ಟುಕೊಟ್ಟಂತೆ. ರಾಜ್ಯಗಳು ಅರ್ಧ ಟಿಎಂಸಿಗೂ ಜಗಳ ಕಾಯುವ ನದಿಯಲ್ಲಿ ಯಾರೂ ಅದಕ್ಕೆ ಒಪ್ಪುವುದಿಲ್ಲ. ಮಾನ ಬದಲಾದರೂ ಹಳೆಯ ಒಪ್ಪಂದ ಇರುವವರೆಗೆ 127 ನಮ್ಮೊಂದಿಗೇ ಇರುತ್ತದೆ. ನಮ್ಮ ಪತ್ರಿಕೆಗಳು ಈಗಲೂ ಆಲಮಟ್ಟಿಯ ಮಟ್ಟವನ್ನು ಮೀಟರಿನಲ್ಲಿ, ಕೆಆರ್‌ಎಸ್‌ನ ಮಟ್ಟವನ್ನು ಅಡಿಯಲ್ಲಿ, ಎರಡರ ಸಂಗ್ರಹವನ್ನೂ ಟಿಎಂಸಿಯಲ್ಲಿ ಒಂದೇ ಚೌಕದೊಳಗೆ ಅಚ್ಚು ಹಾಕುತ್ತವೆ. ಎರಡೂ ಮಾನಗಳ ನಡುವೆ ಓಡಾಡಲು ಬರುವುದೇ ಸದ್ಯಕ್ಕಿರುವ ದಾರಿ.

ರಾಮಥಾಳದ ಹೊಲಕ್ಕೆ ಬಂದರೆ ಈ ಓಡಾಟದ ಪ್ರಯೋಜನ ಕಣ್ಣಿಗೆ ಕಾಣುತ್ತದೆ. ಯೋಜನೆಯ 24,000 ಹೆಕ್ಟೇರ್ ಎಂದರೆ 24 ಕೋಟಿ ಚದರ ಮೀಟರ್. ಅದರ ಮೇಲೆ ಒಂದು ಟಿಎಂಸಿಯನ್ನು ಸಮನಾಗಿ ಹರಡಿದರೆ ನಿಲ್ಲುವ ನೀರು 11.8 ಸೆಂಟಿಮೀಟರ್, ನಾಲ್ಕೂವರೆ ಇಂಚಿಗಿಂತ ಸ್ವಲ್ಪ ಹೆಚ್ಚು. ಎರೆ ಹೊಲದಲ್ಲಿ ಕಡಲೆ, ಬಿಳಿಜೋಳ ಬೆಳೆಯುವವರಿಗೆ ಮಳೆಯನ್ನು ಇಂಚು, ಮಿಲಿಮೀಟರಿನಲ್ಲಿ ಅಂದಾಜು ಮಾಡುವ ರೂಢಿ ಇದೆ. ‘ಒಂದು ಟಿಎಂಸಿ’ ಎಂದಾಗ ಮೂಡದ ಚಿತ್ರ ‘118 ಮಿಲಿಮೀಟರ್ ಮಳೆ’ ಎಂದಾಗ ಥಟ್ಟನೆ ಮೂಡುತ್ತದೆ. ಇನ್ನೊಂದು ತುದಿಯಿಂದ ನೋಡಿ: ಗಂಟೆಗೆ 4 ಲೀಟರ್ ಬಿಡುವ ಒಂದೇ ಒಂದು ಡ್ರಿಪ್ಪರ್ ಒಂದು ಟಿಎಂಸಿ ಹರಿಸಿ ಮುಗಿಸಲು ಹಗಲೂ ರಾತ್ರಿ 29,49,67,152 ದಿನ ಬೇಕು. ಅದು 8 ಲಕ್ಷ ವರ್ಷಕ್ಕೂ ಮಿಗಿಲು. ಗಂಟೆ ನಿಮಿಷ ಉಳಿಯದೆ ಸರಿಯಾಗಿ ಅಷ್ಟೇ ದಿನ, ಏಕೆಂದರೆ ದಿನದ 24 ಗಂಟೆಗೂ ಗಂಟೆಯ 4 ಲೀಟರಿಗೂ ಬೇಕಾದ 2 ಮತ್ತು 3 ನಮ್ಮ ಸಂಖ್ಯೆಯಲ್ಲಿ ಧಾರಾಳವಾಗಿವೆ. ಕುಡಿಯುವ ನೀರಿನ ಲೆಕ್ಕವನ್ನೂ ನೋಡಬಹುದು. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆ ಪ್ರಮಾಣದಲ್ಲಿ ಒಂದು ಟಿಎಂಸಿ 14 ಲಕ್ಷ ಜನರಿಗೆ ಒಂದು ವರ್ಷ ಸಾಲುತ್ತದೆ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18.9 ಲಕ್ಷ. ಜಲಾಶಯದಲ್ಲಿ ಒಂದು ಟಿಎಂಸಿ ಏರಿತು, ಒಂದು ಟಿಎಂಸಿ ಇಳಿಯಿತು ಎಂಬ ಸುದ್ದಿ ಜಿಲ್ಲೆಯ ಮುಕ್ಕಾಲು ಪಾಲು ಜನರ ಒಂದು ವರ್ಷದ ನೀರಿನ ಸುದ್ದಿ ಎಂದು ಆಗ ತಿಳಿಯುತ್ತದೆ.

ಒಂದೇ ಪ್ರಮಾಣವನ್ನು ಎರಡು ಲೆಕ್ಕದಲ್ಲಿ ಬರೆದಿಡುವುದರಿಂದ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ ಹುನಗುಂದದ ನೆಲದಲ್ಲೇ ಹಳೆಯ ಉದಾಹರಣೆ ಇದೆ. ಐಹೊಳೆಯ ಮೇಗುಟಿ ಬಸದಿಯ ಶಾಸನದಲ್ಲಿ ರವಿಕೀರ್ತಿ ತನ್ನ ಕಾಲವನ್ನು ಭಾರತ ಯುದ್ಧದಿಂದ 3735 ವರ್ಷ ಎಂದೂ ಶಕ 556 ಎಂದೂ ಎರಡು ರೀತಿ ಹೇಳಿದ್ದಾನೆ. ಎರಡರ ವ್ಯತ್ಯಾಸ 3179. ಪಂಚಾಂಗದವರು ಶಕ ವರ್ಷಕ್ಕೆ ಕೂಡಿಸಿ ಕಲಿ ವರ್ಷ ತೆಗೆಯುವ ಸಂಖ್ಯೆಯೂ ಅದೇ. ಹದಿಮೂರು ಶತಮಾನದ ನಂತರವೂ ಶಾಸನದ ಒಂದು ಅಂಕಿ ಇನ್ನೊಂದನ್ನು ಕಾಯುತ್ತಿದೆ. ಟಿಎಂಸಿಯ ಸಂಖ್ಯೆಯನ್ನೂ ಹೀಗೆ ಕಾಯಬಹುದು. ಅದರ ಅಂಕಿಗಳನ್ನು ಕೂಡಿದರೆ 54, ಆದ್ದರಿಂದ 9ರಿಂದ ಭಾಗವಾಗಲೇಬೇಕು. ಒಂದು ಅಂಕಿ ತಪ್ಪಾಗಿ ಅಚ್ಚಾದರೆ ಸಾಮಾನ್ಯವಾಗಿ ಇದರಲ್ಲಿ ಸಿಕ್ಕಿಬೀಳುತ್ತದೆ. 46 ಇದ್ದಲ್ಲಿ 64 ಆಗಿ ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಒಂಬತ್ತರ ಪರೀಕ್ಷೆ ಸೋಲುತ್ತದೆ. ಅಲ್ಲಿ 11 ಕೆಲಸಕ್ಕೆ ಬರುತ್ತದೆ: ಸರಿಯಾದ ಸಂಖ್ಯೆಯನ್ನು 11ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅದಲುಬದಲಾದದ್ದರಲ್ಲಿ 5 ಉಳಿದು ತಪ್ಪು ಬಯಲಾಗುತ್ತದೆ.

ಇಷ್ಟು ಗಣಿತ ಎಂಟನೆಯ ತರಗತಿಯ ಮಟ್ಟವನ್ನು ಮೀರಿದ್ದಲ್ಲ. ಘನ ಮತ್ತು ಘನಮೂಲದ ಪಾಠ ಆ ತರಗತಿಯಲ್ಲೇ ಬರುತ್ತದೆ. ಹುನಗುಂದ, ಇಳಕಲ್ಲ, ಬಾದಾಮಿ ತಾಲೂಕುಗಳ ಗಣಿತ ಶಿಕ್ಷಕರಲ್ಲಿ ಒಂದು ವಿನಂತಿ. ಪಾಠ ಬಂದ ದಿನ ಪುಸ್ತಕದ ಲೆಕ್ಕಗಳ ಜೊತೆಗೆ ಹಲಗೆಯ ಮೇಲೆ 28,31,68,46,592 ಎಂದು ಬರೆದು ಇದರ ಘನಮೂಲ ತೆಗೆಯಿರಿ ಎಂದು ಮಕ್ಕಳಿಗೆ ಹೇಳಿ. ಉತ್ತರ ಬಂದ ಮೇಲೆ ಅವತ್ತಿನ ಪತ್ರಿಕೆಯನ್ನು ಅವರ ಕೈಗೆ ಕೊಟ್ಟು ಆಲಮಟ್ಟಿಯ ಅಂಕಿಗಳನ್ನು ಓದಿಸಿ.